ಗಾಯಕರ ಉಸಿರು, ನನ್ನ ರಿವರ್ಬ್

ವಾದ್ಯಗೋಷ್ಠಿಯಲ್ಲಿ ಕೀಬೋರ್ಡ್ ನುಡಿಸುವವರಿಗೆ ಇಲ್ಲಿ ಹೇಳುವಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ನಗಬೇಕೋ ಬೇಡವೋ ಎಂದು ತೀರ್ಮಾನಿಸುವಷ್ಟರಲ್ಲಿ ಮುಂದಿನ ಹಾಡು ಶುರುವಾಗಿರುತ್ತದೆ. ರಾಬರ್ಟ್‌ಸನ್‌ಪೇಟೆಯ ನಮ್ಮ ತಂಡದಲ್ಲಿ ಉಳಿದಿದ್ದವರು ಮೂರೇ ಜನ: ಚಿನ್ನದ ಗಣಿಯಲ್ಲಿ ದುಡಿದು ಬಂದಿದ್ದ ಗಾಯಕರು, ಢೋಲಕ್‌ನವನು, ನಾನು.

೧. ಹಿಂದೆ ಬರುವವನು

ನಾನು ಹಳೆಯದೊಂದು ಸಿಂಥಸೈಜರ್ ಕೀಬೋರ್ಡ್ ಕೊಂಡೆ. ಮೈಕನ್ನೂ ಅದಕ್ಕೇ ಸಿಕ್ಕಿಸಬಹುದಿತ್ತು. ಡಿಲೇ ತಿರುಪು ತಿರುಗಿಸಿದರೆ ನುಡಿಸಿದ ಸ್ವರ ತಡವಾಗಿ ಮತ್ತೆ ಮತ್ತೆ ಬರುತ್ತದೆ. ರಿವರ್ಬ್ ತಿರುಗಿಸಿದರೆ ತಗಡಿನ ಶೆಡ್ಡೂ ದೊಡ್ಡ ಚರ್ಚಿನಂತೆ ಮೊಳಗುತ್ತದೆ. ಬಂಗಾರಪೇಟೆಯ ಒಂದು ಆರತಕ್ಷತೆಯಲ್ಲಿ ಹೊಸ ಹುರುಪಿಗೆ ಡಿಲೇ ಹೆಚ್ಚಿಸಿಟ್ಟೆ. ಢೋಲಕ್‌ನವನು ಒಮ್ಮೆ ನನ್ನ ಸ್ವರಕ್ಕೆ, ಒಮ್ಮೆ ಅದರ ಮರುದನಿಗೆ ಬಾರಿಸಿ, ಕೊನೆಗೆ ಕೈ ನಿಲ್ಲಿಸಿಯೇಬಿಟ್ಟ.

"ಅಕ್ಕಾ, ನಿನ್ ಜೊತೆ ಬಾರಿಸ್ಲಾ, ನಿನ್ ಹಿಂದೆ ಬತ್ತಾವ್ನಲ್ಲ, ಅವ್ನ ಜೊತೆ ಬಾರಿಸ್ಲಾ?"

"ಹಿಂದೆ ಯಾರೂ ಇಲ್ಲ ಕಣೋ."

"ಯಾರೂ ಇಲ್ದಿದ್ರೂ ನನ್ಗಿಂತ ಚೆನ್ನಾಗಿ ತಾಳ ಇಡೀತಾವ್ನೆ ನೋಡು!"

೨. ಮಾತ್ರೆಯ ಗುಣ

ಗಣಿಯ ಧೂಳು ಗಾಯಕರ ಎದೆಯಲ್ಲಿ ಉಳಿದುಹೋಗಿತ್ತು. ಒಂದು ಸಾಲು ಮುಗಿಸಲೂ ಉಸಿರು ಸಾಲದು. ಡಾಕ್ಟರು ಹಾಡು ಬಿಡಿ ಎಂದಿದ್ದರು. "ಬಿಟ್ಟು ಮನ್ಯಾಗೆ ಕುಂತ್ರೆ ಇನ್ನೂ ಬೇಗ ಸಾಯ್ತೀನಿ ಕಣಮ್ಮಾ" ಎಂದು ಇವರು ಬಿಡಲಿಲ್ಲ. ಅವರ ದನಿ ಮುರಿಯುವ ಕಡೆ ನಾನು ಮೆಲ್ಲನೆ ರಿವರ್ಬ್ ಏರಿಸುತ್ತಿದ್ದೆ. ಮುಂದಿನ ಮಾತು ಬರುವವರೆಗೆ ಹಿಂದಿನದು ಗಾಳಿಯಲ್ಲಿ ನಿಂತಿರುತ್ತಿತ್ತು. ಹೀಗೆ ಮಾಡು ಎಂದು ಅವರು ಕೇಳಿರಲಿಲ್ಲ, ಮಾಡುತ್ತಿದ್ದೇನೆ ಎಂದು ನಾನೂ ಹೇಳಿರಲಿಲ್ಲ.

ಒಂದು ಮದುವೆಗೆ ಅದೇ ಡಾಕ್ಟರು ಬಂದಿದ್ದರು. ಹಾಡು ಮುಗಿದ ಮೇಲೆ ಗಾಯಕರ ಕೈ ಹಿಡಿದು, "ನೋಡಿದ್ರಾ ನನ್ನ ಮಾತ್ರೆ! ಎಂಥ ಉದ್ದ ಉಸಿರು ರೀ!" ಎಂದರು. ಏದುಸಿರಿಗೆ ಮಾತು ಬಾರದೆ ಇವರು ನನ್ನ ಕಡೆ ಬೆರಳು ತೋರಿಸಿದರು.

ಡಾಕ್ಟರು ನನ್ನತ್ತ ತಿರುಗಿದರು. "ನೀನು ಮಗಳಾ? ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಮ್ಮ."

೩. ಕರೆಂಟ್ ಹೋದಾಗ

ಊರಿಗಾಂನಲ್ಲಿ ಒಂದು ನಾಮಕರಣ. ಹಾಡಿನ ನಡುವೆ ಕರೆಂಟ್ ಹೋಯಿತು. ಗಾಯಕರ ಬರೀ ದನಿ ಉಳಿಯಿತು: ಎರಡು ಮಾತು, ಒಂದು ಏದುಸಿರು, ಮತ್ತೆರಡು ಮಾತು. ಊಟಕ್ಕೆ ಕೂತವರು ತಲೆ ತಗ್ಗಿಸಿ ಎಲೆ ನೋಡಿಕೊಂಡರು. ನನಗೆ ಅಳು ಬಂದಿತ್ತು. ಆದರೂ ಅವರು ಪಲ್ಲವಿ ಮುಗಿಸಿದರು.

ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ಕೇಳಿದರು: "ಇದು ನಿಮ್ ದನಿ. ಅಂಗಾರೆ ಇಷ್ಟೊತ್ತೂ ಹಾಡ್ತಿದ್ದೋನು ಯಾರು?"

"ಅವ್ನು ಕರೆಂಟಿನ ಮಗ ಕಣೇ," ಎಂದರು ಗಾಯಕರು, ಉಸಿರು ಎಳೆದುಕೊಳ್ಳುತ್ತಾ. "ಅವ್ವ ಎದ್ದೋದ್ಲು, ಅವ್ನೂ ಎದ್ದೋದ."

೪. ಎಷ್ಟು ಸಲ

ಆ ಚಳಿಗಾಲ ಅವರು ಹೋಗಿಬಿಟ್ಟರು. ತಿಥಿಯ ದಿನ ಮನೆ ಮುಂದೆ ಶಾಮಿಯಾನ ಹಾಕಿ, ಅವರಿಗಿಷ್ಟವಾದ ಹಾಡು ನುಡಿಸಿ ಎಂದು ನಮ್ಮನ್ನು ಕರೆದರು. ನನಗೆ ಮನಸ್ಸು ನೆಟ್ಟಗಿರಲಿಲ್ಲ. ಮೈಕ್ ಸಿಕ್ಕಿಸಿದೆ, ಡಿಲೇ ಪೂರ್ತಿ ಏರಿದ್ದನ್ನು ನೋಡಲಿಲ್ಲ.

ಮೊದಲು ಎರಡು ಮಾತಾಡುತ್ತೇನೆ ಎಂದು ಢೋಲಕ್‌ನವನು ಮೈಕ್ ಹಿಡಿದ. ಬಾಯಿ ತೆರೆದವನೇ ಗೋಳೋ ಎಂದ: "ಅಣ್ಣಾ, ಬಿಟ್ಟು ಓಗ್ಬಿಟ್ಯಾ!"

"ಓಗ್ಬಿಟ್ಯಾ... ಓಗ್ಬಿಟ್ಯಾ... ಓಗ್ಬಿಟ್ಯಾ..." ಎಂದಿತು ಸ್ಪೀಕರು.

ಅಳುತ್ತಿದ್ದವರ ಅಳು ಅರ್ಧಕ್ಕೇ ನಿಂತಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಾನು ಗಾಬರಿಯಲ್ಲಿ ಬೇರೆ ತಿರುಪು ತಿರುಗಿಸಿದೆ. "ಓಗ್ಬಿಟ್ಯಾ ಓಗ್ಬಿಟ್ಯಾ ಓಗ್ಬಿಟ್ಯಾ" ಎಂದು ಇನ್ನೂ ಬೇಗ ಬೇಗ ಬರತೊಡಗಿತು.

ಗಾಯಕರ ಹೆಂಡತಿ ಸೆರಗಿನಿಂದ ಮುಖ ಎತ್ತಿದರು. ಬೈಸಿಕೊಳ್ಳಲು ಸಿದ್ಧಳಾದೆ. ಅವರ ಭುಜ ಕುಲುಕುತ್ತಿತ್ತು. ಕಣ್ಣಲ್ಲಿ ನೀರು, ಬಾಯಲ್ಲಿ ತಡೆಯಲಾರದ ನಗು.

"ಸಾಕು ನಿಲ್ಸಮ್ಮಾ! ಒಂದ್ಸಲ ಓಗಿದ್ದನ್ನೇ ತಡ್ಕಳಾಕಾಗ್ತಿಲ್ಲ, ನೀನು ಇನ್ನೂ ಎಷ್ಟು ಸಲ ಕಳಿಸ್ತೀಯ?"