ರೇಸಿನ ಜಾಕೀಟಿಗೆ ಅಳತೆ ರವಿಕೆ

ಹೆಂಗಸರ ಬಟ್ಟೆ ಹೊಲಿಯುವವನು ಯಾವುದಕ್ಕೂ ಬೆಚ್ಚಿಬೀಳಬಾರದು ಎಂದು ನನಗೆ ಕಸುಬು ಕಲಿಸಿದವರು ಹೇಳಿದ್ದರು. ಬ್ರಹ್ಮಾವರದಲ್ಲಿ ನಾನು ಅಂಗಡಿ ಹಾಕಿ ಇಪ್ಪತ್ತೈದು ವರ್ಷವಾಗುವಷ್ಟರಲ್ಲಿ ರವಿಕೆಯ ತೋಳು ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ಬೆನ್ನು ಕೆಳಗಿಳಿಯುತ್ತಾ ಹೋಗಿ ಕೊನೆಗೆ ಎರಡು ದಾರ ಕಟ್ಟಿಕೊಂಡು ನಿಂತಿತು. ಆಗೆಲ್ಲ ನಾನು ಮುಖದಲ್ಲಿ ಏನೂ ತೋರಿಸದೆ, ಆಯಿತು, ಬುಧವಾರ ಬನ್ನಿ ಎಂದಿದ್ದೇನೆ. ಬುಧವಾರ ಕೊಟ್ಟೆನೋ ಇಲ್ಲವೋ ಎಂಬುದು ಬೇರೆ ಮಾತು. ಆದರೆ ಒಂದು ಬೇಸಿಗೆಯಲ್ಲಿ ನಾನು ಬೆಚ್ಚಿಬಿದ್ದೆ. ಒಮ್ಮೆ ಬಿದ್ದು ಏಳುವಷ್ಟರಲ್ಲಿ ಇನ್ನೊಮ್ಮೆ ಬಿದ್ದೆ. ಅದಕ್ಕೆ ಕಾರಣ ಗಿರಾಕಿಗಳಲ್ಲ, ನನ್ನ ಹೆಂಡತಿ ಗಿರಿಜೆ. ನಮ್ಮ ಊರಿನವರು ಈ ಕಥೆಗೆ ಸಾಕಷ್ಟು ಒಗ್ಗರಣೆ ಹಾಕಿ ಹೇಳುತ್ತಾರಾದ್ದರಿಂದ ನೀವು ನನ್ನ ಬಾಯಿಂದಲೇ ಕೇಳುವುದು ಒಳ್ಳೆಯದು.

ಗಿರಿಜೆ ಕೊಕ್ಕರ್ಣೆ ಕಡೆಯ ಒಂದು ಅಂಗನವಾಡಿಯಲ್ಲಿ ಟೀಚರ್. ಬೆಳಿಗ್ಗೆ ಅವಳ ಹೊತ್ತಿಗೆ ಸರಿಹೊಂದುವ ಬಸ್ಸು ಒಂದೇ. ಅದು ಬಂದರೆ ಬಂತು. ಬಾರದಿದ್ದರೆ ಬೀಗ ಹಾಕಿದ ಬಾಗಿಲ ಮುಂದೆ ಮಕ್ಕಳು ಮೂಗು ಒರೆಸಿಕೊಂಡು ಕೂತಿರಬೇಕು. ಆ ವರ್ಷ ಎರಡು ಸಲ ಹಾಗಾಗಿ, ಇನ್ನೊಂದು ಸಲ ತಡವಾದರೆ ಬರವಣಿಗೆಯಲ್ಲಿ ಉತ್ತರ ಕೊಡಬೇಕಾದೀತು ಎಂದು ಮೇಲಿನವರು ಹೇಳಿಹೋಗಿದ್ದರು. ಹದಿನೈದು ವರ್ಷ ಯಾರಿಂದಲೂ ಒಂದು ಮಾತು ಕೇಳಿಸಿಕೊಳ್ಳದೆ ಕೆಲಸ ಮಾಡಿದವಳಿಗೆ ಅದು ತುಂಬ ನಾಟಿತು. ಅವಳು ಗೇರಿಲ್ಲದ ಹಳೆಯ ಸ್ಕೂಟರ್ ಒಂದನ್ನು ಕೊಂಡು ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಲೈಸೆನ್ಸ್ ಕೈಗೆ ಬಾರದೆ ಕೊಕ್ಕರ್ಣೆ ರಸ್ತೆಗೆ ಇಳಿಯುವುದಿಲ್ಲ ಎಂಬುದು ಅವಳ ಹಟ. ನನ್ನ ಹಿಂದೆ ಕೂತುಕೋ, ನಾನೇ ಬಿಟ್ಟು ಬರುತ್ತೇನೆ ಎಂದು ಗಂಡಸಿನಂತೆ ಹೇಳೋಣವೆಂದರೆ ನಾನು ಜೀವಮಾನದಲ್ಲಿ ಸೈಕಲ್ಲಿನಿಂದ ಮೇಲಕ್ಕೆ ಏರಿದವನಲ್ಲ.

ಪರೀಕ್ಷೆಗೆ ಇನ್ನು ಹತ್ತು ದಿನ ಇರುವಾಗ ರಶ್ಮಿ ಬಂದಳು. ರಶ್ಮಿ ಎಂದರೆ ಮುಂಬೈಯಲ್ಲಿ ಹೋಟೆಲು ಇಟ್ಟಿರುವ ಗಿರಿಜೆಯ ಅಣ್ಣನ ಮಗಳು, ಕಾಲೇಜು ಹುಡುಗಿ. ರಜೆಗೆ ನಾವುಂದದ ಅಜ್ಜಿಯ ಮನೆಗೆ ಬಂದವಳು ಅತ್ತೆಯನ್ನು ನೋಡಿಹೋಗಲು ನಮ್ಮಲ್ಲಿಗೆ ಬಂದಿದ್ದಳು. ನಾವೆಲ್ಲ ಬೈರಾಸಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಆ ಸೆಕೆಯಲ್ಲಿ ಅವಳು ಕಪ್ಪು ಚರ್ಮದ ಜಾಕೀಟು ತೊಟ್ಟಿದ್ದಳು. ಭುಜಕ್ಕೆ ಕೆಂಪು ಬಿಳಿ ಪಟ್ಟಿ, ತೋಳಿನುದ್ದಕ್ಕೂ ಕಪ್ಪು ಬಿಳಿ ಚೌಕುಳಿ, ಎಲ್ಲಿ ನೋಡಿದರೂ ಜಿಪ್ಪು, ಬೆನ್ನ ಮೇಲೆ ತಟ್ಟೆಯಗಲದ ಒಂದು ನಂಬರು. ನಮ್ಮ ಕಡೆ ಬೆನ್ನಿಗೆ ನಂಬರು ಕಟ್ಟಿಕೊಳ್ಳುವುದು ಕಬಡ್ಡಿ ಆಡುವವರು ಮಾತ್ರ. ಕೈಗೆ ಗವಸು ಹಾಕಿದ್ದಳು, ಅದಕ್ಕೆ ಬೆರಳುಗಳೇ ಇರಲಿಲ್ಲ. ಬಟ್ಟೆ ಸಾಲದೆ ಬಂದಿರಬೇಕೆಂದು ನನಗೆ ಟೈಲರನ ಕನಿಕರ ಹುಟ್ಟಿತು. ಯಾವ ರೇಸಿಗೆ ಹೋಗುತ್ತೀ ಮಗಳೇ ಎಂದು ಕೇಳಿದರೆ, ರೇಸೂ ಇಲ್ಲ ಎಂತದೂ ಇಲ್ಲ ಮಾವ, ಇದು ಫ್ಯಾಶನ್ನು ಎಂದಳು. ಹಿಂದೆ ಪರದೇಶದಲ್ಲಿ ಮೋಟಾರ್‌ಸೈಕಲ್ ಓಡಿಸುವವರು ಬಿದ್ದರೆ ಮೈ ತರಚದಿರಲೆಂದು ಇಂಥದ್ದನ್ನು ತೊಡುತ್ತಿದ್ದರಂತೆ. ಆಮೇಲೆ ಬೀಳುವ ಉದ್ದೇಶವೇ ಇಲ್ಲದವರೂ ತೊಡತೊಡಗಿದರಂತೆ. ಈಗ ಮುಂಬೈಯ ಹುಡುಗಿಯರು ಅದನ್ನು ತೊಟ್ಟುಕೊಂಡು ಲೋಕಲ್ ರೈಲಿನಲ್ಲಿ ಕಾಲೇಜಿಗೆ ಹೋಗುತ್ತಾರಂತೆ.

ಇದಕ್ಕೇ ನಾನು ಅರ್ಧ ಬೆಚ್ಚಿದ್ದೆ. ಉಳಿದರ್ಧಕ್ಕೆ ಒಳಗಿನ ಕೋಣೆಯ ಬಾಗಿಲು ತೆರೆಯಬೇಕಾಯಿತು. ಕನ್ನಡಿಯ ಮುಂದೆ ನಲವತ್ತನಾಲ್ಕು ವರ್ಷದ ನನ್ನ ಹೆಂಡತಿ ಕಾಟನ್ ಸೀರೆಯ ಮೇಲೆ ಆ ಜಾಕೀಟು ತೊಡಲು ಹೆಣಗುತ್ತಿದ್ದಳು. ರಶ್ಮಿ ಕಡ್ಡಿಯಂಥ ಹುಡುಗಿಯಾದ್ದರಿಂದ ಜಿಪ್ಪು ಅರ್ಧಕ್ಕೆ ನಿಂತಿತ್ತು. ಆದರೂ ಗಿರಿಜೆ ಎಡಕ್ಕೆ ತಿರುಗಿ ನೋಡಿದಳು, ಬಲಕ್ಕೆ ತಿರುಗಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ತನಗೂ ಒಂದು ಹೊಲಿದು ಕೊಡಬೇಕು, ಪರೀಕ್ಷೆಯ ದಿನಕ್ಕೆ ಆಗಬೇಕು ಎಂದಳು. ಅಲ್ಲವೇ, ನಮ್ಮಲ್ಲಿ ಸ್ಕೂಟರ್ ಬಿಡುವ ಹೆಂಗಸರೆಲ್ಲ ಬಿಸಿಲು ತಾಗದಂತೆ ಸೀರೆಯ ಮೇಲೆ ಗಂಡನ ಹಳೆಯ ಅಂಗಿ ಹಾಕಿಕೊಳ್ಳುತ್ತಾರೆ, ನಿನಗೆ ನನ್ನ ಅಂಗಿ ಏನಾಗಿದೆ ಎಂದೆ.

"ನಿಮ್ಮ್ ಅಂಗಿ ಹಾಯ್ಕಂಡ್ರೆ ಗದ್ದಿ ಕೆಲ್ಸಕ್ಕ್ ಹೊರ್ಟಾಂಗ್ ಕಾಣತ್ತ್. ನಂಗೆ ನನ್ನ್ ಗಾಡಿಯಲ್ಲ್ ಹೊರ್ಟಾಂಗ್ ಕಾಣ್ಕ್," ಎಂದಳು ಅವಳು.

ಚರ್ಮ ನಮಗೆ ಎಟುಕುವಂಥದ್ದಲ್ಲ. ರೆಕ್ಸಿನ್ ತರಲು ಆಟೋ ಸೀಟಿಗೆ ಹೊದಿಕೆ ಹಾಕುವವನ ಅಂಗಡಿಗೆ ಹೋದೆ. ಅವನು ಯಾವ ಗಾಡಿಗೆ ಎಂದು ಕೇಳಿದ. ಮನೆಯದ್ದೇ ಎಂದೆ. ಹಳೆಯ ಗಾಡಿಯಾದರೆ ಒಳಗೆ ಸ್ವಲ್ಪ ಸ್ಪಂಜು ಕೊಟ್ಟರೆ ಒಳ್ಳೆಯದು ಎಂದು ಸಲಹೆ ಕೊಟ್ಟ. ಅದನ್ನು ಮನೆಯಲ್ಲಿ ಹೇಳದೇ ಇರುವಷ್ಟು ಬುದ್ಧಿ ನನಗಿತ್ತು. ರವಿಕೆ ಹೊಲಿಯುವ ಸೂಜಿ ಆ ರೆಕ್ಸಿನ್ನಿಗೆ ತಾಗಿದ ಕೂಡಲೇ ಮುರಿಯಿತು. ಎರಡನೆಯದೂ ಮುರಿಯಿತು. ಕೊನೆಗೆ ದಪ್ಪ ಸೂಜಿ, ದಪ್ಪ ನೂಲು ತಂದು ಎರಡೆರಡು ಸಾಲು ಹೊಲಿಗೆ ಹಾಕತೊಡಗಿದೆ. ಅಲ್ಲಿಯವರೆಗೆ ಮನಸ್ಸಿಲ್ಲದ ಮನಸ್ಸಿನಿಂದ ಹೊರಟವನಿಗೆ ಆಮೇಲೆ ಕಸುಬಿನ ಹುಚ್ಚು ಹಿಡಿಯಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮಾದರಿಗೆಂದು ರಶ್ಮಿಯ ಜಾಕೀಟನ್ನು ಅಂಗಡಿಯಲ್ಲಿ ಹ್ಯಾಂಗರಿಗೆ ಹಾಕಿ ನೋಡಿದೆ. ನೋಡಿ ಬೆಚ್ಚಿದೆ. ಅಷ್ಟು ದೊಡ್ಡ ಊರಿನಲ್ಲಿ ಅಷ್ಟು ಕೆಟ್ಟ ಟೈಲರ್ ಹೇಗೆ ಬದುಕಿದ್ದಾನೆಂದು ಆಶ್ಚರ್ಯವಾಯಿತು. ತೋಳು ನೇರ ಇಳಿಯುವ ಬದಲು ಮುಂದಕ್ಕೆ ಬಾಗಿತ್ತು. ಮುಂಭಾಗಕ್ಕಿಂತ ಬೆನ್ನು ಉದ್ದ. ಭುಜದ ಹಿಂದೆ ಬೇಡದ ಮಡಿಕೆ. ಒಟ್ಟಿನಲ್ಲಿ ಚಳಿಜ್ವರ ಹಿಡಿದವರು ಮುದುರಿ ನಿಂತ ಹಾಗೆ ಕಾಣುತ್ತಿತ್ತು. ಅದರ ಪಟ್ಟಿ, ಚೌಕುಳಿ, ಜಿಪ್ಪುಗಳನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನೆಲ್ಲ ನಾನು ತಿದ್ದಿದೆ. ಅಳತೆಗೆ ಗಿರಿಜೆಯ ಅಳತೆ ರವಿಕೆ ಇತ್ತು. ನಮ್ಮ ಅಂಗಡಿಯಲ್ಲಿ ಯಾವ ಹೆಂಗಸಿನ ಮೈಗೂ ಟೇಪು ಹಿಡಿಯುವ ಪದ್ಧತಿ ಇಲ್ಲ. ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ಅವರೇ ಕಾಗದದಲ್ಲಿ ಸುತ್ತಿ ತರುತ್ತಾರೆ, ನಾನು ಅದನ್ನು ಮೇಜಿನ ಮೇಲೆ ಹಾಸಿ ಅಳೆಯುತ್ತೇನೆ. ಹೆಂಡತಿಗೂ ಅದೇ ಪದ್ಧತಿ. ಮದುವೆಯ ವರ್ಷದ ಒಂದು ರವಿಕೆ ಕಪಾಟಿನಲ್ಲಿದೆ, ವರ್ಷ ಕಳೆದಂತೆ ಎರಡೂ ಪಕ್ಕಕ್ಕೆ ಅರ್ಧರ್ಧ ಇಂಚು ಬಿಡುತ್ತಾ ಬಂದಿದ್ದೇನೆ. ಹಾಗೆ ಆ ಜಾಕೀಟು ಒಂದು ಸುಕ್ಕಿಲ್ಲದೆ, ರವಿಕೆಯಷ್ಟೇ ಅಚ್ಚುಕಟ್ಟಾಗಿ ತಯಾರಾಯಿತು.

ತಯಾರಾದದ್ದು ಪರೀಕ್ಷೆಯ ದಿನ ಬೆಳಿಗ್ಗೆ. ಟೈಲರನ ಹೆಂಡತಿಯಾದ ಮಾತ್ರಕ್ಕೆ ಬಟ್ಟೆ ಮುಂಚೆ ಸಿಗುತ್ತದೆಂದು ಯಾರೂ ತಿಳಿಯಬಾರದು. ಕನ್ನಡಿಯ ಮುಂದೆ ನಿಂತ ಗಿರಿಜೆಯನ್ನು ನೋಡಿ ನನಗೇ ಹೆಮ್ಮೆಯಾಯಿತು. ಕೈ ಎತ್ತಲು ಸ್ವಲ್ಪ ಬಿಗಿ ಎಂದಳು. ಇಪ್ಪತ್ತೈದು ವರ್ಷದಿಂದ ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ, ಎರಡು ಸಲ ತೊಟ್ಟರೆ ತಾನೇ ಸಡಿಲವಾಗುತ್ತದೆ ಎಂದು.

ಪರೀಕ್ಷೆಯ ಮೈದಾನಕ್ಕೆ ಬಸ್ಸಿನಲ್ಲಿ ಹೋದೆವು. ಸ್ಕೂಟರನ್ನು ಡ್ರೈವಿಂಗ್ ಸ್ಕೂಲಿನವರು ತಂದಿದ್ದರು. ಬಸ್ಸಿನವರೆಲ್ಲ ಅವಳನ್ನು ನೋಡಿ ಆಮೇಲೆ ನನ್ನನ್ನು ನೋಡುತ್ತಿದ್ದರು. ನಾನು ಕಿಟಕಿಯ ಹೊರಗೆ ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. ಮೈದಾನದಲ್ಲಿ ಅವಳ ಸರದಿ ಬಂತು. ನೇರ ದಾರಿಯಲ್ಲಿ ಚೆನ್ನಾಗಿಯೇ ಹೋದಳು. ಆಮೇಲೆ ಎಂಟರ ಆಕಾರದಲ್ಲಿ ತಿರುಗಿಸಬೇಕು, ಕಾಲು ನೆಲಕ್ಕೆ ತಾಗಬಾರದು. ಬಲಕ್ಕೆ ಹ್ಯಾಂಡಲ್ ತಿರುಗಬೇಕಾದರೆ ಎಡಗೈ ಮುಂದೆ ಹೋಗಬೇಕಲ್ಲ, ಅದು ಹೋಗಲಿಲ್ಲ. ಜಾಕೀಟಿನ ಬೆನ್ನು ಬಿಡಲಿಲ್ಲ. ಬೇರೆ ಯಾರಾದರೂ ಹೊಲಿದಿದ್ದರೆ ಆ ಜಾಗದಲ್ಲಿ ಹೊಲಿಗೆ ಬಿಟ್ಟುಕೊಂಡು ಹೆಂಗಸು ಬಚಾವಾಗುತ್ತಿದ್ದಳು. ನನ್ನ ಎರಡು ಸಾಲಿನ ಹೊಲಿಗೆ, ಒಂದು ಎಳೆಯೂ ಅಲುಗಲಿಲ್ಲ. ಸ್ಕೂಟರ್ ನೇರ ಬೇಲಿಯ ಕಡೆಗೆ ಹೊರಟಿತು, ಅವಳು ಬ್ರೇಕು ಹಿಡಿದು ಎರಡೂ ಕಾಲನ್ನು ನೆಲಕ್ಕೆ ಊರಿ ನಿಂತಳು. ಜಾಕೀಟು ತೆಗೆದಿಟ್ಟು ಇನ್ನೊಂದು ಸಲ ಬಿಡುತ್ತೇನೆ ಸರ್ ಎಂದು ಕೇಳಿದಳು. ಇನ್‌ಸ್ಪೆಕ್ಟರು ಪಾಪ, ಒಳ್ಳೆಯವರೇ, ಆದರೆ ಇನ್ನು ಮುಂದಿನ ತಿಂಗಳು ಎಂದರು. ಹೋಗುವಾಗ ಜಾಕೀಟಿನ ಭುಜ ಮುಟ್ಟಿ ನೋಡಿ, ಹೊಲಿಗೆ ಭಾರೀ ಗಟ್ಟಿ ಉಂಟು, ಯಾರು ಹೊಲಿದದ್ದು ಎಂದು ಕೇಳಿದರು. ನಾನು ಪಕ್ಕದ ತೆಂಗಿನಮರದಲ್ಲಿ ಕಾಯಿ ಎಷ್ಟಿದೆ ಎಂದು ನೋಡತೊಡಗಿದೆ.

"ಬ್ರಹ್ಮಾವರದಲ್ಲ್ ಒಬ್ರ್ ಇದ್ರ್ ಸರ್," ಎಂದಳು ಗಿರಿಜೆ. "ರವಿಕಿ ಲಾಯ್ಕ್ ಹೊಲಿತ್ರ್."

ಬರುವಾಗ ಬಸ್ಸಿನಲ್ಲಿ ಅವಳು ಜಾಕೀಟನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಅರ್ಧ ದಾರಿಯಾದ ಮೇಲೆ ನಾನೇ ತಡೆಯಲಾರದೆ, ಮುಂಬೈಯ ಮಾದರಿ ಸೊಟ್ಟಗಿತ್ತು, ನಾನು ನೆಟ್ಟಗೆ ಮಾಡಿದೆ ಎಂದು ಸಮಜಾಯಿಷಿ ಕೊಟ್ಟೆ. ಹಾಗೆ ಹೇಳುತ್ತಿದ್ದಾಗಲೇ, ಹ್ಯಾಂಡಲ್ ಹಿಡಿದು ಮುಂದಕ್ಕೆ ಬಾಗಿದವರ ಮೈ ಆ ಮಾದರಿಯಂತೆಯೇ ಇರುತ್ತದೆಂದು ನನಗೂ ಹೊಳೆಯತೊಡಗಿತ್ತು.

"ಜಾಕೀಟ್ ಲಾಯ್ಕಿತ್ತ್, ನಿಂತ್ಕಂಬುಕೆ," ಎಂದಳು. ಬರೀ ನಿಂತುಕೊಳ್ಳಲಿಕ್ಕೆ ಎಂದು ಅರ್ಥ. ಆಮೇಲೆ, "ಮದಿ ಆಯಿ ಇಪ್ಪತ್ತೆರ್ಡ್ ವರ್ಷ ಆಯ್ತ್. ನಾ ಕೈ ಮುಂದ್ ಚಾಚಿದ್ದ್ ನೀವ್ ಒಂದ್ ದಿನಾರೂ ಕಂಡಿದ್ರ್ಯಾ?" ಎಂದಳು.

ಕಂಡಿರಬೇಕು. ದಿನಕ್ಕೆ ನೂರು ಸಲ ಚಾಚುತ್ತಾಳೆ. ಬಾವಿಯಿಂದ ನೀರು ಎಳೆಯುತ್ತಾಳೆ, ನನಗೆ ಬಡಿಸುತ್ತಾಳೆ, ಅಂಗನವಾಡಿಯಲ್ಲಿ ಅಷ್ಟು ಮಕ್ಕಳನ್ನು ಎತ್ತಿಕೊಳ್ಳುತ್ತಾಳೆ. ಆದರೆ ನನ್ನ ಮೇಜಿನ ಮೇಲೆ ಅವಳು ಇಷ್ಟು ವರ್ಷ ಕೈ ಇಳಿಬಿಟ್ಟು ಮಲಗಿದ ಒಂದು ರವಿಕೆಯಾಗಿದ್ದಳು. ಆ ದಿನದ ಆಘಾತಗಳಲ್ಲಿ ಇದೇ ದೊಡ್ಡದು. ನನಗೆ ಬಹಳ ನಾಚಿಕೆಯಾಯಿತು. ಅದು ಅಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ವಾರವೇ ಬಸ್ಸು ಕೈಕೊಟ್ಟು ಅವಳು ಮೂರನೆಯ ಸಲ ತಡವಾದಳು. ಉತ್ತರ ಬರೆಯಲು ಕಾಗದ ಬಂತು. ಕಾರಣ ಎಂದಿದ್ದಲ್ಲಿ ಅವಳು ಬಸ್ಸು ಎಂದು ಬರೆದಳು. ಗಂಡ ಎಂದು ಬರೆಯಬಹುದಿತ್ತು, ಸುಳ್ಳೇನೂ ಆಗುತ್ತಿರಲಿಲ್ಲ.

ಮರುದಿನ ಭಾನುವಾರ. ನಾನು ಅಂಗಡಿಯ ಮುಂದೆ ಸ್ಕೂಟರನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಹೊಸ ರೆಕ್ಸಿನ್ ತಂದಿಟ್ಟು, ಗಿರಿಜೆಯನ್ನು ಕರೆದು ಹ್ಯಾಂಡಲ್ ಹಿಡಿದು ಕೂರು ಎಂದೆ. ನಡುಬೀದಿಯಲ್ಲಿ ಹೆಂಡತಿಯ ಬೆನ್ನಿಗೆ ಟೇಪು ಹಿಡಿದೆ. ಎದುರಿನ ಅಂಗಡಿಯವರು ಚಹಾ ಬಿಟ್ಟು ನೋಡಿದರು, ನೋಡಲಿ ಎಂದುಕೊಂಡೆ, ಆದರೂ ಕಿವಿ ಬಿಸಿಯಾಯಿತು. ಕೈ ಮುಂದೆ ಚಾಚಿದ ಆ ಬೆನ್ನು ಅಳತೆ ರವಿಕೆಯದಕ್ಕಿಂತ ನಾಲ್ಕು ಇಂಚು ಅಗಲವಿತ್ತು. ಎರಡು ಸಲ ಅಳೆದೆ, ನಾಲ್ಕೇ. ಅಭ್ಯಾಸಬಲದಿಂದ, ಬಿಗಿ ಇರಲೋ ಸಡಿಲ ಬಿಡಲೋ ಎಂದು ಕೇಳಿದೆ.

"ಎಲ್ಲಿಗ್ ಹೋಪುಕಂದ್ ಮೊದ್ಲ್ ಕೇಣಿ," ಎಂದಳು.

ಹೆಂಗಸರ ಟೈಲರ್ ಎಂದು ಬೋರ್ಡು ಹಾಕಿಕೊಂಡವನು ಅಲ್ಲಿಯವರೆಗೆ ಯಾವ ಹೆಂಗಸಿಗೂ ಎಲ್ಲಿಗೆ ಹೋಗಲಿಕ್ಕೆ ಎಂಬ ಆ ಪ್ರಶ್ನೆ ಕೇಳಿದವನಲ್ಲ. ಕೇಳಿದೆ.

ಅವಳು ಹ್ಯಾಂಡಲನ್ನು ಪೂರ್ತಿ ಬಲಕ್ಕೆ, ಆಮೇಲೆ ಪೂರ್ತಿ ಎಡಕ್ಕೆ ತಿರುಗಿಸಿ ನೋಡಿದಳು. "ಮೊದ್ಲ್ ಕೊಕ್ಕರ್ಣೆ," ಎಂದಳು. "ಮತ್ತೆ ಕಾಂಬ."

ಆ ಮತ್ತೆ ಎಂದರೆ ಎಲ್ಲಿಯವರೆಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಪುಸ್ತಕದಲ್ಲಿ ಬೆನ್ನಿಗೆ ಇನ್ನೂ ಒಂದು ಇಂಚು ಸೇರಿಸಿ ಬರೆದುಕೊಂಡೆ.