ಮೋಡವಿಲ್ಲದೆ ಸುರಿದ ಹತ್ತೊಂಬತ್ತು ಮಿಲಿಮೀಟರ್

ಮದುವೆಗೆ ಮೊದಲು ಟೋಬಿ ಒಮ್ಮೆ ಟೆಸ್‌ಳ ಮನೆಗೆ ಊಟಕ್ಕೆ ಹೋಗಿದ್ದ. ಭಾವಿ ಮಾವ ಮರ್ವ್ ಬೇಯಿಸಿದ ಕುರಿತೊಡೆಗೆ ಚಾಕು ಹಾಕುತ್ತ ಕೇಳಿದ ಮೊದಲ ಮಾತು, "ನಿಂಗೆಷ್ಟು ಬಂತಪ್ಪ?"

ಹೆಣ್ಣು ಕೊಡುವ ತಂದೆ ಸಂಬಳ ಕೇಳುವುದು ನ್ಯಾಯವೇ ಎಂದುಕೊಂಡ ಅಡಿಲೇಡ್ ಪಟ್ಟಣದ ಹುಡುಗ, ಬೆನ್ನು ನೆಟ್ಟಗೆ ಮಾಡಿಕೊಂಡು ಹದಿನೈದು ದಿನದ ಗಳಿಕೆಯನ್ನು ಒಪ್ಪಿಸಿದ. "ಎರಡು ಸಾವಿರದ ನೂರು."

ಮರ್ವ್ ಅವರ ಚಾಕು ಅಲ್ಲೇ ನಿಂತಿತು. ಆ ಸೀಮೆಯಲ್ಲಿ ಅಷ್ಟು ಮಿಲಿಮೀಟರ್ ಮಳೆ ಬೀಳಬೇಕಾದರೆ ಆರು ವರ್ಷ ಹಿಡಿಯುತ್ತದೆ. "ನಿಮ್ಮನೆ ಏನು, ಜಲಪಾತದ ಕೆಳಗಿದ್ಯಾ?" ಎಂದರು.

ಪೀಟರ್‌ಬರೋ ಕಡೆಯ ಕುರಿ ಸೀಮೆಯಲ್ಲಿ ಸಂಬಳವನ್ನು ಯಾರೂ ಕೇಳುವುದಿಲ್ಲ, ಮಳೆಯನ್ನು ಕೇಳದವರಿಲ್ಲ ಎಂಬ ಜ್ಞಾನೋದಯ ಅವನಿಗಾದದ್ದು ಹೀಗೆ. ಹುಡುಗಿಯನ್ನು ಹೇಗೋ ಕೊಟ್ಟರು.

ಈಗ ಗಂಡ ಹೆಂಡತಿ ಮಾವನ ಅಂಗಳದಲ್ಲೇ ಇರುವ ಸಣ್ಣ ಮನೆಯಲ್ಲಿದ್ದರು. ಟೋಬಿಗೆ ಪಟ್ಟಣದ ಕೌನ್ಸಿಲ್ ಕಚೇರಿಯಲ್ಲಿ ರಸ್ತೆಗುಂಡಿಗಳ ದೂರು ಬರೆದುಕೊಳ್ಳುವ ಉದ್ಯೋಗ. ದಿನವಿಡೀ ಊರವರಿಂದ ಬೈಸಿಕೊಂಡು ಬರುವ ಪ್ರಾಣಿಗೆ ಮನೆಯಲ್ಲಾದರೂ ಒಂದಿಷ್ಟು ಮರ್ಯಾದೆ ಬೇಡವೇ? ಆ ಮರ್ಯಾದೆಯನ್ನು ಅವನು ಅಂಚೆಯಲ್ಲಿ ತರಿಸಿಕೊಂಡ. ಅದರ ಹೆಸರು ಮನೆಬಳಕೆಯ ಹವಾಮಾನ ಯಂತ್ರ.

"ಇನ್ಮೇಲೆ ಈ ಮನೇಲಿ ಮಳೆ ಅಳೆಯೋಕೆ ಬೇಲಿಗೆ ಕಟ್ಟಿದ ಅಳತೆ ಕೊಳವೆ ಹತ್ರ ಹೋಗಿ ಯಾರೂ ಸೊಂಟ ಬಗ್ಗಿಸಬೇಕಾಗಿಲ್ಲ," ಎಂದು ಘೋಷಿಸಿದ.

"ಮಳೆ ಬರ್ಲಿ ಸಾಕು, ಸೊಂಟ ನಾನು ಬಗ್ಗಿಸ್ತೀನಿ," ಎಂದರು ಮರ್ವ್.

ಅಂಗಳದ ಕಂಬದ ಮೇಲೆ ಗಾಳಿಗೆ ತಿರುಗುವ ಬಟ್ಟಲುಗಳು, ದಿಕ್ಕು ತೋರುವ ಬಾಲ, ಮಳೆ ಹಿಡಿಯುವ ಆಲಿಕೆ. ಈ ಸೆನ್ಸರ್‌ಗಳು ಕಂಡದ್ದನ್ನೆಲ್ಲ ಅಡುಗೆಮನೆ ಕಿಟಕಿಯಲ್ಲಿ ಕೂತ ಗೇಟ್‌ವೇ ಎಂಬ ಸೋಪಿನ ಡಬ್ಬಿಗೆ ಉಸುರಬೇಕು, ಡಬ್ಬಿ ಇಂಟರ್ನೆಟ್ಟಿಗೆ ಹೇಳಬೇಕು, ಇಂಟರ್ನೆಟ್ಟು ಸಾಫ್ಟ್‌ವೇರ್‌ಗೆ, ಸಾಫ್ಟ್‌ವೇರ್ ಲೋಕಕ್ಕೆ. ಚಾಡಿ ದಾಟುವ ಕ್ರಮವೂ ಇದೇ. ಆದರೆ ಚಾಡಿ ತಕ್ಷಣ ದಾಟುತ್ತದೆ, ಇದು ಎರಡು ವಾರಾಂತ್ಯ ತಿಂದಿತು. ಡಬ್ಬಿಯ ಎದುರು ಮಂಡಿಯೂರಿ ಗುಂಡಿ ಒತ್ತುತ್ತಿದ್ದವನನ್ನು ನೋಡಿ ಟೆಸ್, ತನ್ನೆದುರು ಮದುವೆಯ ಮಾತು ಎತ್ತಿದಾಗಲೂ ಇವನು ಇಷ್ಟು ಹೊತ್ತು ಮಂಡಿಯೂರಿರಲಿಲ್ಲ ಎಂದಳು.

ಕೊನೆಗೂ ಸಂಪರ್ಕ ಸಿಕ್ಕಿತು. ಪರದೆಯ ಮೇಲೆ ಮೊದಲ ಅಂಕಿ ಮೂಡಿತು: ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ! ಚಡ್ಡಿಯಲ್ಲಿ ಬೆವರು ಸುರಿಸುತ್ತ ನಿಂತಿದ್ದ ಟೋಬಿ ಅದನ್ನು ನಂಬಲು ಪ್ರಾಮಾಣಿಕವಾಗಿ ಪ್ರಯತ್ನಿಸಿದ. ನೋಡಿದರೆ, ಅತ್ತೆ ಗ್ಲೆನಿಸ್ ಮಾಂಸದ ಫ್ರೀಜರಿನಲ್ಲಿಟ್ಟಿದ್ದ ಅದೇ ಕಂಪನಿಯ ಪುಟ್ಟ ಸೆನ್ಸರ್ ಜೊತೆ ಡಬ್ಬಿ ಮೊದಲೇ ಗೆಳೆತನ ಬೆಳೆಸಿಬಿಟ್ಟಿತ್ತು. ಅರ್ಧ ಗಂಟೆ ಕಾಲ ಜಗತ್ತಿನ ಹವಾಮಾನ ನಕ್ಷೆಯಲ್ಲಿ ದಕ್ಷಿಣ ಧ್ರುವ ಶುರುವಾಗುವುದೇ ಮರ್ವ್ ಅವರ ಅಂಗಳದಿಂದ ಎಂದಾಗಿತ್ತು. ಅದನ್ನು ಸರಿಪಡಿಸಿದ ಮೇಲೆ ಟೋಬಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನಿಲ್ಲದ ಕಾಲು ಅವನನ್ನು ಒಯ್ದದ್ದು ಡೂಲಿಯ ಬಳಿಗೆ. ಡೂಲಿ ಉಣ್ಣೆ ಕತ್ತರಿಸುವ ತಂಡದ ಯಜಮಾನ. ಒದ್ದೆ ಕುರಿಯನ್ನು ಅವನ ಆಳುಗಳು ಮುಟ್ಟುವುದಿಲ್ಲ. ಮುಟ್ಟಿದರೆ ಕೀಲು ಹಿಡಿಯುತ್ತದೆ, ಮೈತುಂಬ ಕುರು ಏಳುತ್ತದೆ ಎಂಬ ನಂಬಿಕೆ. ಅನುಮಾನ ಬಂದರೆ ತಲಾ ಎರಡು ಕುರಿಯ ಉಣ್ಣೆ ಕತ್ತರಿಸಿ ನೋಡಿ ಒದ್ದೆಯೋ ಒಣವೋ ಎಂದು ಚೀಟಿ ಹಾಕುತ್ತಾರೆ, ಹೆಚ್ಚು ಮತ ಬಂದದ್ದೇ ತೀರ್ಪು. ಅದಕ್ಕೆ ಡೂಲಿ ಹೊರಡುವ ಮುನ್ನ ಫೋನ್ ಮಾಡಿ ಮಳೆ ಎಷ್ಟು ಬಂತೆಂದು ಕೇಳುವುದು ಪದ್ಧತಿ. ಟೋಪಿಯಿಂದ ನೀರು ಸೋರುತ್ತಿದ್ದರೂ ಒಂದು ಹನಿಯೂ ಇಲ್ಲ ಎನ್ನುವುದು ಕುರಿ ಸಾಕುವವರ ಪದ್ಧತಿ. ಪಬ್ಬಿನಲ್ಲಿ ಟೋಬಿ ಬಿಯರ್ ಗ್ಲಾಸನ್ನು ಎತ್ತಿ ಹಿಡಿದು ಹೇಳಿದ: "ನಮ್ಮಾವನ ಬಾಯಿ ಬಿಡು ಡೂಲಿ. ಮನುಷ್ಯ ಸುಳ್ಳು ಹೇಳ್ತಾನೆ, ಸೆನ್ಸರ್ ಹೇಳಲ್ಲ." ಹೇಳಿ ಸುಮ್ಮನಿರದೆ, ಐದು ಮಿಲಿಮೀಟರ್ ದಾಟಿದರೆ ತಾನಾಗಿಯೇ ಡೂಲಿಗೆ ಸಂದೇಶ ಹೋಗುವಂತೆ ಸಾಫ್ಟ್‌ವೇರ್‌ನಲ್ಲಿ ಅವನ ನಂಬರನ್ನೂ ಸೇರಿಸಿದ.

ಉಣ್ಣೆ ಕತ್ತರಿಸುವ ದಿನ ಬಂತು. ಕುರಿಗಳೆಲ್ಲ ತುಂಬು ಗಬ್ಬದವು, ಮುಂದಿನ ತಿಂಗಳು ಮರಿ ಹಾಕುವಂಥವು. ಇವತ್ತು ತಪ್ಪಿದರೆ ಡೂಲಿಯ ತಂಡ ಮತ್ತೆ ಸಿಗುವುದು ಐದು ವಾರಕ್ಕೆ. ಅಷ್ಟು ಹೊತ್ತಿಗೆ ದೊಡ್ಡಿಯ ತುಂಬ ಮರಿಗಳು, ಬಾಣಂತಿ ಕುರಿಗೆ ಕತ್ತರಿ ಹಾಕುವಂತಿಲ್ಲ, ವರ್ಷದ ಉಣ್ಣೆಯೆಲ್ಲ ಕುರಿಯ ಮೈಮೇಲೇ ಉಳಿಯಿತು. ಟೋಬಿ ಕಚೇರಿಗೆ ಜ್ವರ ಎಂದು ತಿಳಿಸಿ, ಮಾವನ ಕಣ್ಣಿಗೆ ಬೀಳುವ ಹಾಗೆ ಅತ್ತಿಂದಿತ್ತ ಓಡಾಡುತ್ತಿದ್ದ. ಗ್ಲೆನಿಸ್ ತಂಡದವರ ಚಹಕ್ಕೆಂದು ಬೆಟ್ಟದಷ್ಟು ಸ್ಕೋನ್ ಬನ್ನು ಬೇಯಿಸಿಟ್ಟಿದ್ದರು. ಆಕಾಶ ತೊಳೆದಿಟ್ಟ ತಟ್ಟೆಯಂತೆ ಬರಿದಾಗಿತ್ತು. ಬರಬೇಕಾದ ಡೂಲಿಯ ವ್ಯಾನ್ ಮಾತ್ರ ಬರಲಿಲ್ಲ.

ಮರ್ವ್ ರಸ್ತೆ ನೋಡಿದರು, ಆಕಾಶ ನೋಡಿದರು, ಆಮೇಲೆ ಅಳಿಯನನ್ನು ನೋಡಿದರು. ಮೂರನೆಯ ನೋಟವೇ ಎಲ್ಲಕ್ಕಿಂತ ಉದ್ದ. ಫೋನ್ ಹಚ್ಚಿದರು.

"ನಿಮ್ಮಲ್ಲಿ ಹತ್ತೊಂಬತ್ತು ಮಿಲಿ ಬಿದ್ದಿದೆ ಮಾರಾಯ," ಎಂದ ಡೂಲಿ. "ನಾವು ಬೇಕರೀಲಿ ಕೂತಿದ್ದೀವಿ. ತಿಂದು ಬೇರೆ ಕಡೆ ಹೊರಡ್ತೀವಿ."

"ಒಂದು ಹನಿ ಬಿದ್ದಿಲ್ಲ ಕಣೋ. ಕುರಿ ಬಿಸ್ಕತ್ತಿನ ಹಾಗೆ ಒಣಗಿದೆ."

"ವರ್ಷಾ ವರ್ಷಾ ಇದೇ ಬಿಸ್ಕತ್ತು ತಿನ್ನಿಸ್ತಿದ್ದೀಯ. ಸೆನ್ಸರ್ ಸುಳ್ಳು ಹೇಳಲ್ಲ ಅಂತ ನಿನ್ನಳಿಯನೇ ಹೇಳಿದಾನೆ." ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಟೋಬಿ ಕಂಬದ ಬಳಿಗೆ ಓಡಿದ. ಕಂಬದ ಬುಡದಲ್ಲಿ ಕೆಸರು. ಮೇಲೆ ಆಲಿಕೆ ಮದುಮಗಳ ಮುಖದ ಹಾಗೆ ಥಳಥಳ ಹೊಳೆಯುತ್ತಿತ್ತು. ಗ್ಲೆನಿಸ್ ಕೈ ಒರೆಸಿಕೊಳ್ಳುತ್ತ ಹಿಂದೆಯೇ ಬಂದರು.

"ಚೆನ್ನಾಗಿ ಕಾಣ್ತಿದೆ ಅಲ್ವಾ? ಕಾಕಟೂ ಹಕ್ಕಿಗಳು ಹೊಲಸು ಮಾಡಿಟ್ಟಿದ್ವು. ಬಂದವರು ಏನಂದ್ಕೋತಾರೆ ಅಂತ ಎದ್ದ ತಕ್ಷಣ ಪೈಪ್ ಹಿಡಿದು ತೊಳೆದೆ. ಕೊಳೆ ಇದ್ರೆ ಲೆಕ್ಕ ತಪ್ಪುತ್ತೆ ಅಂತ ನೀನೇ ತಾನೆ ಹೇಳಿದ್ದು?"

ಹೇಳಿದ್ದ. ಅವರದೇ ಪುಡಿಂಗ್ ಬಾಯಲ್ಲಿಟ್ಟುಕೊಂಡು ಅರ್ಧ ಗಂಟೆ ಉಪನ್ಯಾಸ ಕೊಟ್ಟಿದ್ದ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿಯದು ಈ ಸಾಫ್ಟ್‌ವೇರ್. ಅತ್ತೆಯ ಪೈಪನ್ನು ಮುಂಗಾರೆಂದು ನಂಬಿ ಊರಿಗೆಲ್ಲ ಸಾರಿಬಿಟ್ಟಿತ್ತು.

"ಇನ್ನು ಬಾಯಿಮಾತು ನಡೆಯಲ್ಲ," ಎಂದಳು ಟೆಸ್. "ಕುರೀನೇ ತಗೊಂಡು ಹೋಗು."

ಪಿಕಪ್‌ನ ಹಿಂದಿನ ಪಂಜರಕ್ಕೆ ಒಂದು ಕುರಿಯನ್ನು ಹತ್ತಿಸಿಕೊಂಡು ಅಳಿಯ ಮಾವ ಪಟ್ಟಣಕ್ಕೆ ಹೊರಟರು. ಕುರಿ ಗಾಳಿಗೆ ಮುಖವೊಡ್ಡಿ ಮಹಾರಾಣಿಯ ಹಾಗೆ ನಿಂತಿತ್ತು. ಮರ್ವ್ ದಾರಿಯುದ್ದಕ್ಕೂ ಬರಿದಾದ ಆಕಾಶವನ್ನೇ ನೋಡುತ್ತ ಕೂತಿದ್ದರು. ಬೈದಿದ್ದರೆ ವಾಸಿಯಿತ್ತು; ಬೈಸಿಕೊಳ್ಳುವುದರಲ್ಲಿ ಟೋಬಿಗೆ ಸರ್ಕಾರಿ ಅನುಭವವಿತ್ತು.

ಬೇಕರಿ ಮುಂದೆ ತಂಡದವರು ವ್ಯಾನ್ ಹತ್ತುತ್ತಿದ್ದರು. ಟೋಬಿ ಕೈ ಅಗಲಿಸಿ ವ್ಯಾನಿಗೆ ಅಡ್ಡ ನಿಂತ. ತನ್ನ ಯಂತ್ರದ ಮೇಲೆ ತಾನೇ ದೂರು ಹೇಳಿದ, ಅತ್ತೆಯ ಪೈಪಿನ ಕತೆ ಹೇಳಿದ, ಕುರಿಗೆ ಕೈ ಹಾಕಿ ನೋಡಿ ಚೀಟಿ ಹಾಕಿ, ಒದ್ದೆ ಎಂದರೆ ಹೊರಟುಹೋಗಿ ಎಂದು ಅಂಗಲಾಚಿದ. ಡೂಲಿ ಗಡ್ಡ ಕೆರೆದುಕೊಂಡು ಒಪ್ಪಿದ.

ಆರು ಮಂದಿ ಒಂದು ಕೈಯಲ್ಲಿ ಮಾಂಸ ತುಂಬಿ ಬೇಯಿಸಿದ ಪೈ ಹಿಡಿದು, ಇನ್ನೊಂದು ಕೈಯನ್ನು ಉಣ್ಣೆಯೊಳಗೆ ಇಳಿಸಿದರು. ಇಷ್ಟು ಕೈಗಳನ್ನು ಸಹಿಸದ ಕುರಿ, ಅವರಲ್ಲೆಲ್ಲ ದಢೂತಿಯವನ ಬೂಟಿನ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದಿತು. ಬೇಕರಿಯ ಕಾಗದದ ಚೀಲ ಹರಿದು ಚೀಟಿ ಮಾಡಿದರು, ಡೂಲಿಯ ಟೋಪಿಯೇ ಮತಪೆಟ್ಟಿಗೆ. ಬ್ರೆಡ್ಡಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಯಾವ ಚುನಾವಣೆಯೆಂದು ವಿಚಾರಿಸಿದರು. ಅದೇ ಸಾಲಿನಲ್ಲಿ ಟೋಬಿಯ ಕಚೇರಿಯ ಮೇಲಧಿಕಾರಿಣಿಯೂ ಇದ್ದರು.

"ಜ್ವರ ಹೇಗಿದೆ, ಟೋಬಿ?"

"ಇನ್ನೂ ಲೆಕ್ಕ ಆಗ್ತಿದೆ," ಎಂದ ಟೋಬಿ.

ಡೂಲಿ ಚೀಟಿ ಬಿಚ್ಚಿದ. ಒಣ. ಒದ್ದೆ. ಒದ್ದೆ. ಟೋಬಿ ಕುರಿಯ ಉಣ್ಣೆಯನ್ನು ಇನ್ನೊಮ್ಮೆ ಮುಟ್ಟಿ ನೋಡಿದ. ಒಣ. ಒಣ. ಕೊನೆಯದು ದಢೂತಿಯವನದೆಂದು ಎಲ್ಲರಿಗೂ ಗೊತ್ತಿತ್ತು, ಯಾಕೆಂದರೆ ಅದೂ ನೆನೆದಿತ್ತು. ಡೂಲಿ ಅದನ್ನು ತುದಿಬೆರಳಲ್ಲಿ ಬಿಡಿಸಿ ಓದಿದ. ಒಣ! ಬೂಟು ಬೇರೆ, ಉಣ್ಣೆ ಬೇರೆ ಎಂಬ ವಿವೇಕ ಆ ಪುಣ್ಯಾತ್ಮನಿಗಿತ್ತು. ಮರ್ವ್ ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರನ್ನು ಹೊರಗೆ ಬಿಟ್ಟರು. ಟೋಬಿ ಆ ಮಹಾರಾಣಿ ಕುರಿಯನ್ನು ತಬ್ಬಿಕೊಂಡ.

ಹೊತ್ತು ಏರುವುದರೊಳಗೆ ಮರ್ವ್ ಅವರ ಶೆಡ್ಡಿನಲ್ಲಿ ಉಣ್ಣೆ ಕತ್ತರಿಸುವ ಯಂತ್ರಗಳು ಗುಂಯ್‌ಗುಟ್ಟುತ್ತಿದ್ದವು, ಬೆಳ್ಳಗಿನ ಉಣ್ಣೆ ರಾಶಿ ಬೀಳುತ್ತಿತ್ತು. ಚಹದ ಬಿಡುವಿನಲ್ಲಿ ಎಲ್ಲರೂ ಉಣ್ಣೆಯ ಮೂಟೆಗಳ ಮೇಲೆ ಕೂತು ಸ್ಕೋನ್ ತಿನ್ನುವಾಗ ಟೋಬಿ, ಡೂಲಿಯ ನಂಬರನ್ನು ಇವತ್ತೇ ತೆಗೆದುಹಾಕುವುದಾಗಿ, ಇನ್ನು ಮಾವನ ಮಾತೇ ಸಾಕೆಂದು ತಲೆ ತಗ್ಗಿಸಿ ಹೇಳಿದ. ಮರ್ವ್ ಮೊದಲ ಸಲ ಅಳಿಯನ ಬೆನ್ನು ತಟ್ಟಿದರು.

ಡೂಲಿ ಲೋಟ ಕೆಳಗಿಟ್ಟ. "ಒಂದು ನಿಜ ಹೇಳು ಮರ್ವ್. ಇವತ್ತು ನಿಜವಾಗ್ಲೂ ಹತ್ತೊಂಬತ್ತು ಮಿಲಿ ಬಿದ್ದು, ನಾನು ಫೋನ್ ಮಾಡಿ ಕೇಳಿದ್ರೆ ಹೇಳ್ತಿದ್ಯಾ?"

ಗ್ಲೆನಿಸ್ ಚಹ ಸುರಿಯುವುದನ್ನು ನಿಲ್ಲಿಸಿದರು. ಬೆನ್ನ ಮೇಲೆ ಮಾವನ ಕೈ ಇನ್ನೂ ಇದ್ದುದರಿಂದ ಟೋಬಿ ಮಾತ್ರ ಬಹಳ ಭರವಸೆಯಿಂದ ಅವರ ಮುಖ ನೋಡಿದ.

ಮರ್ವ್ ಬಾಯಲ್ಲಿದ್ದ ಸ್ಕೋನನ್ನು ನಿಧಾನವಾಗಿ ಅಗಿದು ನುಂಗಿದರು.

"ಇಲ್ಲ," ಎಂದರು.