ಹತ್ತೇ ನಿಮಿಷದಲ್ಲಿ ಓರೆ ಹೆಣಿಗೆ ಕಲಿಸಿದ ಎರಡು ಕೈಗಳಿಗೆ

ಮಾನ್ಯರೇ,

ಮುಖ ತೋರಿಸದೆ, ಮೊಣಕೈಯನ್ನೂ ತೋರಿಸದೆ, ಬಿಳಿ ಮೇಜಿನ ಮೇಲೆ ಬದನೆ ಬಣ್ಣದ ಹತ್ತು ಉಗುರುಗಳಾಗಿ ಮಾತ್ರ ಫೋನಿನಲ್ಲಿ ಪ್ರತ್ಯಕ್ಷವಾಗುವ ತಮ್ಮನ್ನು ಏನೆಂದು ಸಂಬೋಧಿಸಬೇಕೆಂದು ಎರಡು ದಿನ ಯೋಚಿಸಿ, ‘ಮಾನ್ಯರೇ’ ಎಂದರೆ ಎಡಗೈಗೂ ಬಲಗೈಗೂ ಸಮನಾಗಿ ಸಲ್ಲುತ್ತದೆಂದು ತೀರ್ಮಾನಿಸಿ, ಈ ಬಹಿರಂಗ ಪತ್ರವನ್ನು ವಿನಯಪೂರ್ವಕವಾಗಿ ಬರೆಯುತ್ತಿದ್ದೇನೆ. ಎರಡೂ ಕೈಗಳು ಕ್ಷೇಮವಾಗಿವೆಯೆಂದು ನಂಬುತ್ತೇನೆ. ತಮ್ಮ ವಿಡಿಯೊ ನಮ್ಮ ಮನೆಗೆ ಕಾಲಿಟ್ಟಾಗ ಇಲ್ಲಿದ್ದ ನಾಲ್ಕು ಕೈಗಳಲ್ಲಿ ಒಂದು ಪ್ಲಾಸ್ಟರಿನಲ್ಲಿತ್ತು, ಎರಡು ಯಾತಕ್ಕೂ ಬಾರದವಾಗಿದ್ದವು. ಆ ಎರಡು ನನ್ನವು.

ನನ್ನ ಪರಿಚಯ ಹೇಳಿಕೊಳ್ಳುವುದಾದರೆ, ನಾನು ಇಪ್ಪತ್ತಾರು ವರ್ಷಗಳಿಂದ ಕಾರು ಓಡಿಸುವುದನ್ನು ಕಲಿಸುತ್ತಿರುವವನು. ಎಡಗಡೆಯ ಸೀಟಿನಲ್ಲಿ ಕುಳಿತು, ಕಾಲಡಿಯಲ್ಲಿ ನನ್ನದೇ ಒಂದು ಬ್ರೇಕು ಇಟ್ಟುಕೊಂಡು, ಊರಿನ ಅರ್ಧ ಜನಕ್ಕೆ ಕ್ಲಚ್ಚು ಬಿಡುವುದನ್ನೂ ಉಳಿದರ್ಧ ಜನಕ್ಕೆ ಕಣ್ಣೀರು ಒರೆಸಿಕೊಳ್ಳುವುದನ್ನೂ ಕಲಿಸಿದ್ದೇನೆ. ಹೆಣಿಗೆಯ ಕಡ್ಡಿಯನ್ನು ನಾನು ಅಲ್ಲಿಯವರೆಗೆ ಕೈಯಲ್ಲಿ ಹಿಡಿದದ್ದು ಒಮ್ಮೆ ಮಾತ್ರ, ಕಿವಿಯಲ್ಲಿ ತುರಿಕೆಯಾದಾಗ.

ವಿಷಯ ಹೀಗಿದೆ. ನನ್ನ ಹೆಂಡತಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಳು. ಆಗ ನಮ್ಮ ಮಗಳ ಹೆರಿಗೆಗೆ ಏಳು ವಾರ ಬಾಕಿಯಿತ್ತು, ಹುಟ್ಟಲಿರುವ ಮಗುವಿನ ಹೊದಿಕೆ ಅರ್ಧವೂ ಆಗಿರಲಿಲ್ಲ. ಆಸ್ಪತ್ರೆಯಿಂದ ಬಂದವಳೇ ಅವಳು ಕೈಯನ್ನು ದಿಂಬಿನ ಮೇಲಿಟ್ಟುಕೊಂಡು, ಮನೆಯಲ್ಲಿ ಎರಡು ಕೈಯಿರುವವರು ಯಾರಿದ್ದಾರೆಂದು ಸುತ್ತಲೂ ನೋಡಿದಳು.

“ನಲವತ್ತು ಸಾಲು ಮುಗಿದಿದೆ, ಇನ್ನು ಅರವತ್ತು. ದಾರ ಇದೆ, ಕಡ್ಡಿ ಇದೆ, ನೀವಿದ್ದೀರಿ,” ಎಂದಳು. ಈ ಪಟ್ಟಿಯಲ್ಲಿ ನನ್ನ ಸ್ಥಾನ ಮೂರನೆಯದೆಂಬುದನ್ನು ನಾನು ಗಮನಿಸಿದೆ.

“ಮಗಳಿಗೇ ಕೊಟ್ಟುಬಿಡು, ಅವಳಿಗೆ ಬರತ್ತಲ್ಲ,” ಎಂದೆ.

“ತುಂಬು ಬಸುರಿ ಕೈಲೇ ಅವಳ ಮಗುವಿನ ಹೊದಿಕೆ ಮಾಡಿಸೋದಾ? ಅವಳಿಗೆ ನೀವು ಇದುವರೆಗೂ ಕೊಟ್ಟಿರೋದೇನು ಹೇಳಿ ನೋಡೋಣ.”

ನಾನು ಕಡ್ಡಿ ತೆಗೆದುಕೊಂಡೆ. ಯಾಕೆಂಬುದನ್ನು ತಮ್ಮಂಥ ಅಪರಿಚಿತ ಕೈಗಳ ಮುಂದೆ ಬಿಚ್ಚಿಡಲು ಸಂಕೋಚವಾದರೂ ಹೇಳಿಬಿಡುತ್ತೇನೆ. ನಾಲ್ಕು ವರ್ಷಗಳ ಹಿಂದೆ ಮಗಳು ನನ್ನ ಹತ್ತಿರವೇ ಕಾರು ಕಲಿಯಲು ಬಂದಿದ್ದಳು. ದೊಡ್ಡ ವೃತ್ತದ ನಡುವೆ ಮೂರು ಸಲ ಎಂಜಿನ್ ನಿಂತುಹೋಯಿತು. ಹಿಂದಿನ ಸೀಟಿನಲ್ಲಿ ಬೇರೆ ಇಬ್ಬರು ಕಲಿಯುವವರು ಕುಳಿತಿದ್ದರು, ಹಿಂದೆ ಬಸ್ಸುಗಳು ಅರಚುತ್ತಿದ್ದವು. “ತಲೇಲಿ ಏನು ಮಣ್ಣು ತುಂಬ್ಕೊಂಡಿದ್ದೀಯಾ? ನನ್ನ ಮಗಳು ಅಂತ ಹೇಳ್ಕೊಳೋಕೆ ನಾಚಿಕೆಯಾಗತ್ತೆ,” ಎಂದು ನಾನು ಬಸ್ಸುಗಳಿಗಿಂತ ಜೋರಾಗಿ ಕೂಗಿದೆ. ಅವಳು ಕೈಬ್ರೇಕು ಎಳೆದು, ಗೇರನ್ನು ನ್ಯೂಟ್ರಲ್ಲಿಗೆ ತಂದು, ಕನ್ನಡಿ ನೋಡಿ, ಎಲ್ಲವನ್ನೂ ನಾನು ಕಲಿಸಿದ ಕ್ರಮದಲ್ಲೇ ಮಾಡಿ, ಬಾಗಿಲು ತೆರೆದು ಇಳಿದುಹೋದಳು. ಬೇರೆಯವರ ಹತ್ತಿರ ಕಲಿತಳು. ಅಂದಿನಿಂದ ನನಗೆ ಬಹುವಚನ ಪ್ರಾಪ್ತವಾಯಿತು. “ಅಪ್ಪ, ಬಾ” ಎನ್ನುತ್ತಿದ್ದವಳು ಫೋನಿನಲ್ಲಿ ನನ್ನ ದನಿ ಕೇಳಿದರೆ “ಅಮ್ಮನಿಗೆ ಕೊಡಿ” ಎನ್ನತೊಡಗಿದಳು. ಮನೆಗೆ ಬರುತ್ತಿದ್ದಳು, ನಾನು ಕಾರಿನಲ್ಲಿರುವ ಹೊತ್ತು ನೋಡಿಕೊಂಡು. ಹೆತ್ತ ಮಗಳಿಂದ ಇಷ್ಟು ಗೌರವ ಪಡೆದ ತಂದೆ ಈ ಬೀದಿಯಲ್ಲಿ ಇನ್ನೊಬ್ಬನಿಲ್ಲ.

ಇಂಥ ಸಂದರ್ಭದಲ್ಲಿ ತಮ್ಮ ವಿಡಿಯೊ ಸಿಕ್ಕಿತು. “ಸ್ನೇಹಿತರೇ, ಇದು ತುಂಬಾ ಸುಲಭ, ಹತ್ತೇ ನಿಮಿಷ, ಕಣ್ಣು ಮುಚ್ಕೊಂಡೂ ಮಾಡಬಹುದು,” ಎಂದು ತಾವು ಆರಂಭಿಸಿದಿರಿ. ನಾನು ಕನ್ನಡಕ ಹಾಕಿಕೊಂಡು ಕಣ್ಣು ಬಿಟ್ಟುಕೊಂಡೇ ಆರಂಭಿಸಿದೆ. ಹಿಂದಿನ ಸಾಲಿನ ಒಂದು ಕುಣಿಕೆಯನ್ನು ಬಿಟ್ಟು ಮುಂದಿನ ಮೂರರಲ್ಲಿ ಮೂರು ಹೊಲಿಗೆ ಹಾಕಬೇಕು, ಆಮೇಲೆ ಬಿಟ್ಟುಬಂದ ಆ ಒಂದು ಕುಣಿಕೆಗೆ ಹಿಂದಿರುಗಿ ಕಡ್ಡಿ ತೂರಿಸಿ, ಉದ್ದಕ್ಕೆ ದಾರ ಎಳೆದು, ಆ ಮೂರು ಹೊಲಿಗೆಗಳ ಮೈಮೇಲೆ ಓರೆಯಾಗಿ ಹಾಯಿಸಿ ಕಟ್ಟಬೇಕು. ಹೀಗೆ ಮಾಡುತ್ತಾ ಹೋದರೆ ಬೆರಳಿಗೆ ಸಿಗುವಂಥ ಉಬ್ಬು ಗೆರೆಗಳು ಹೊದಿಕೆಯ ತುಂಬ ಓರೆಯಾಗಿ ಏಳುತ್ತವೆ ಎಂಬುದು ತಮ್ಮ ಬೋಧನೆ. ತಮ್ಮವು ಎದ್ದವು. ನನ್ನವೂ ಎದ್ದವು; ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದಿಷ್ಟು ಯಾವ ಕಡೆಗೆ ಹೋಗಬೇಕೆಂದು ತಿಳಿಯದೆ ದಾರಿಯಲ್ಲೇ ಕುಳಿತವು.

ಅದಿರಲಿ. ನನ್ನ ಮುಖ್ಯ ದೂರು ವಿಡಿಯೊದ ಆರನೇ ನಿಮಿಷದ ನಲವತ್ತನೇ ಸೆಕೆಂಡಿಗೆ ಸಂಬಂಧಿಸಿದ್ದು. ಸಾಲು ಮುಗಿದು ಹೆಣಿಗೆಯನ್ನು ತಿರುಗಿಸುವ ಆ ಒಂದೇ ಒಂದು ಗಳಿಗೆಯಲ್ಲಿ, ಬೇರೆಲ್ಲ ಹೊತ್ತೂ ಶಿಸ್ತಾಗಿರುವ ತಮ್ಮ ಬಲಗೈ ಎಡಗೈಯ ಮೇಲೆ ಮುಸುಕು ಹಾಕಿದಂತೆ ಬಂದು ಕೂರುತ್ತದೆ, “ಇಲ್ಲಿ ತಿರುಗಿಸ್ಕೊಳ್ಳಿ, ಇದು ನಿಮಗೆ ಗೊತ್ತೇ ಇದೆ,” ಎಂಬ ದನಿ ಕೇಳುತ್ತದೆ, ಕೈ ಸರಿಯುವಷ್ಟರಲ್ಲಿ ತಾವು ಮುಂದಿನ ಸಾಲಿನ ಅರ್ಧದಾರಿಯಲ್ಲಿರುತ್ತೀರಿ. ಗೊತ್ತಿದ್ದರೆ ನಾನೇಕೆ ಬರುತ್ತಿದ್ದೆ, ಮಾನ್ಯರೇ? ಹೆಂಡತಿಯನ್ನು ಕೇಳಿದರೆ, ಅದು ತನ್ನ ಕೈಗೆ ಗೊತ್ತು, ಬಾಯಲ್ಲಿ ಹೇಳಲು ಬರುವುದಿಲ್ಲ ಎಂದಳು. ಆ ಗಳಿಗೆಯನ್ನು ನಾನು ಅರವತ್ತಕ್ಕೂ ಹೆಚ್ಚು ಸಲ ನೋಡಿದ್ದೇನೆ. ಫೋನನ್ನು ಓರೆ ಮಾಡಿ ಕೈಯ ಹಿಂದೆ ಇಣುಕಲು ಪ್ರಯತ್ನಿಸಿದ್ದೇನೆ. ತಮ್ಮ ಬಲಗೈಯನ್ನು ಗಾಜಿನದಾಗಿ ಮಾಡಿಸಿಕೊಳ್ಳಬೇಕೆಂದೂ, ಅದು ತಡವಾಗುವುದಾದರೆ ಮೂರನೆಯ ಕೈಯೊಂದನ್ನು ನೇಮಿಸಿಕೊಂಡು ಆ ಹೊತ್ತಿಗೆ ಬಲಗೈಯನ್ನು ಎತ್ತಿ ಹಿಡಿಸಬೇಕೆಂದೂ ಈ ಮೂಲಕ ಕೋರುತ್ತೇನೆ.

ಪರಿಣಾಮವಾಗಿ ಪ್ರತಿ ಸಾಲಿನ ತುದಿಯಲ್ಲಿ ಒಂದೆರಡು ಕುಣಿಕೆ ಕಾಣೆಯಾಗುತ್ತಾ ಹೋಯಿತು. ಒಂಬತ್ತು ದಿನಗಳಲ್ಲಿ ಹನ್ನೊಂದು ಸಾಲು ಹೆಣೆದೆ. ಹನ್ನೊಂದನೆಯದು ಮುಗಿದಾಗ ಹೆಂಡತಿ ಹೊದಿಕೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, “ಹೀಗೇ ಹೋದ್ರೆ ಮಗು ಮೂರು ಮೂಲೆಯಾಗಿ ಹುಟ್ಟಬೇಕಾಗತ್ತೆ ಕಣ್ರೀ,” ಎಂದಳು. ಸಿಟ್ಟಿನಲ್ಲಿ ನಾನು ಫೋನಿನ ಮೇಲೆ ಹಾರಿಬಿದ್ದು, ತಮ್ಮ ಬಲಗೈಗೆ ಅದರ ಏಳು ಪೀಳಿಗೆಯ ಕೈಗಳನ್ನೂ ಸೇರಿಸಿ ಬೈದೆ.

“ಅವಳಿಗೆ ಕೇಳ್ಸಲ್ಲ. ಕೇಳ್ಸೋರ ಮೇಲೆ ಕೂಗಿ ಅಭ್ಯಾಸ ಆಗೋಗಿದೆ ನಿಮಗೆ,” ಎಂದಳು ಹೆಂಡತಿ, ದನಿ ಏರಿಸದೆ.

ಮರುದಿನ ಹೊದಿಕೆಯನ್ನು ಕಾರಿಗೇ ಒಯ್ದೆ. ಔಷಧಿ ಅಂಗಡಿಯವರೊಬ್ಬರು ಆಗ ಕಲಿಯುತ್ತಿದ್ದರು, ಗೇರು ಬದಲಿಸುವಾಗಲೆಲ್ಲ ಬೆವರುವ ಮನುಷ್ಯ. ಖಾಲಿ ಮೈದಾನದಲ್ಲಿ ಅವರನ್ನು ಸುತ್ತು ಹಾಕಲು ಬಿಟ್ಟು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ನಾನು ಕುಣಿಕೆ ಎಣಿಸುತ್ತಾ ಕುಳಿತೆ. ಮುಕ್ಕಾಲು ಗಂಟೆ ಒಂದು ಮಾತೂ ಆಡಲಿಲ್ಲ. ಇಳಿಯುವಾಗ ಅವರು ನನ್ನ ಕೈ ಹಿಡಿದುಕೊಂಡು, “ಸಾರ್, ಇವತ್ತು ನೀವು ಬೈಲಿಲ್ಲ ನೋಡಿ, ಗೇರು ತಾನಾಗೇ ಬೀಳ್ತಿತ್ತು,” ಎಂದರು. ಇಪ್ಪತ್ತಾರು ವರ್ಷದ ನನ್ನ ಅನುಭವವನ್ನು ಆ ಮನುಷ್ಯ ಎಷ್ಟು ಪ್ರೀತಿಯಿಂದ ನೆಲಕ್ಕೆ ಹಾಕಿದರೆಂದರೆ, ತಿರುಗಿ ಬೈಯಲೂ ಆಗಲಿಲ್ಲ.

ಅದೇ ವಾರ ಕಾರಿನ ಕ್ಲಚ್ ಪ್ಲೇಟ್ ಸವೆದು, ಅದನ್ನು ಗ್ಯಾರೇಜಿಗೆ ಬಿಟ್ಟು, ಹಗಲು ಹೊತ್ತಿನಲ್ಲಿ ಮನೆಯಲ್ಲಿದ್ದೆ. ಮಗಳಿಗೆ ಇದು ತಿಳಿದಿರಲಿಲ್ಲ. ಬಾಗಿಲು ತಳ್ಳಿಕೊಂಡು ಒಳಗೆ ಬಂದವಳು, ಕಿಟಕಿಯ ಬಳಿ ಕುರ್ಚಿಯಲ್ಲಿ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ತೊಡೆಯ ಮೇಲೆ ಉಣ್ಣೆ ರಾಶಿ ಹಾಕಿಕೊಂಡು, ತಮ್ಮ ವಿಡಿಯೊವನ್ನು ಬೇಡಿಕೊಳ್ಳುತ್ತಿದ್ದ ತಂದೆಯನ್ನು ಕಂಡಳು. ನಾನು ಹೊದಿಕೆಯನ್ನು ದಿಂಬಿನ ಹಿಂದೆ ತುರುಕಲು ನೋಡಿದೆ. ಕಡ್ಡಿ ಅಂಗಿಯ ಗುಂಡಿಗೆ ಸಿಕ್ಕಿಕೊಂಡಿತು.

“ಏನು ಮಾಡ್ತಿದ್ದೀರಿ?” ಎಂದಳು.

“ಹೊದಿಕೆ,” ಎಂದೆ. “ಓರೆ.”

ಅವಳು ನನ್ನನ್ನು ನೋಡಿ, ಅಡುಗೆಮನೆಯ ಬಾಗಿಲಲ್ಲಿದ್ದ ಅಮ್ಮನನ್ನು ನೋಡಿ, ಇನ್ನೊಂದು ಕುರ್ಚಿ ಎಳೆದುಕೊಂಡು, ಬೆನ್ನಿಗೆ ಕೈ ಕೊಟ್ಟುಕೊಂಡು ನಿಧಾನವಾಗಿ ಕುಳಿತಳು. ಹನ್ನೊಂದು ಸಾಲುಗಳ ಮೇಲೆ ಬೆರಳಾಡಿಸಿದಳು. ಆಮೇಲೆ ದಾರದ ತುದಿಯನ್ನು ನನ್ನ ಕೈಗೇ ಕೊಟ್ಟು, ಎಳೆಯಿರಿ ಎಂದಳು. ಒಂಬತ್ತು ದಿನಗಳ ಕೆಲಸ ಸರ್ರನೆ ಬಿಚ್ಚಿಕೊಂಡು ಬಂತು. ತಾವು ಹೇಳಿದ ಹತ್ತು ನಿಮಿಷದೊಳಗೆ ಮುಗಿದ ಕೆಲಸ ನನ್ನ ಅನುಭವದಲ್ಲಿ ಇದೊಂದೇ.

ಸಾಲಿನ ಕೊನೆಯಲ್ಲಿ ಒಂದು ಕುಣಿಕೆ ಸ್ವಲ್ಪ ಮಲಗಿಕೊಂಡಿರುತ್ತದೆ, ಅದನ್ನು ಹೆಚ್ಚಿನವರು ಹೊಲಿಗೆಯೆಂದೇ ಎಣಿಸುವುದಿಲ್ಲ, ಅದರೊಳಗೂ ಕಡ್ಡಿ ತೂರಿಸಬೇಕು. ತಮ್ಮ ಬಲಗೈ ಅಷ್ಟು ಭದ್ರವಾಗಿ ಕಾಪಾಡಿದ ಗುಟ್ಟು ಇಷ್ಟೇ. ಅವಳು ತೋರಿಸಿದಳು. ನಾನು ತಪ್ಪಿದೆ. ಮತ್ತೆ ತೋರಿಸಿದಳು. ಏಳು ಸಲ ತಪ್ಪಿದೆ, ಏಳು ಸಲವೂ ಅವಳ ದನಿ ಒಂದೇ ಮಟ್ಟದಲ್ಲಿತ್ತು. ಎಂಟನೆಯ ಸಲ ಬೈಗುಳಕ್ಕೆ ಕುತ್ತಿಗೆ ಬಗ್ಗಿಸಿ ಸಿದ್ಧನಾಗಿ ಕುಳಿತೆ. ಅದು ಬರಲಿಲ್ಲ.

“ಆವತ್ತು ವೃತ್ತದಲ್ಲಿ ನಾನು ಹಾಗೆ ಕೂಗಬಾರದಾಗಿತ್ತು,” ಎಂದೆ, ಹೊದಿಕೆಯನ್ನೇ ನೋಡುತ್ತಾ.

ಅಡುಗೆಮನೆಯಲ್ಲಿ ಹೆಂಡತಿ ಒಂದು ಕೈಯಲ್ಲಿ ಏನನ್ನೋ ತೊಳೆಯುತ್ತಿದ್ದ ಸದ್ದು ನಿಂತಿತು. ಮಗಳು ಮುಂದಿನ ಕುಣಿಕೆಯತ್ತ ಬೆರಳು ತೋರಿಸಿದಳು. ಒಂದು ಸಾಲು ಇಡೀ ಹಾಗೇ ಹೋಯಿತು. ತಿರುಗಿಸುವ ಜಾಗ ಬಂದಾಗ ನಾನು ಮತ್ತೆ ಆ ಮಲಗಿದ ಕುಣಿಕೆಯನ್ನು ಬಿಟ್ಟೆ.

“ತಪ್ಪಿದೆ ಅಪ್ಪ,” ಎಂದಳು. “ಬಿಚ್ಚು.”

ಮಾನ್ಯರೇ, ತಾವು ಗಮನಿಸಿದಿರೋ ಇಲ್ಲವೋ, ಅವಳು ‘ಬಿಚ್ಚಿ’ ಎನ್ನಲಿಲ್ಲ. ನಾನು ಎಷ್ಟು ಉತ್ಸಾಹದಿಂದ ಬಿಚ್ಚಿದೆನೆಂದರೆ, ಸರಿಯಾಗಿದ್ದ ಒಂದೂವರೆ ಸಾಲೂ ಜೊತೆಗೆ ಬಂದುಬಿಟ್ಟಿತು.

ಆಮೇಲೆ ಐದು ವಾರ ಅವಳು ನಾನಿರುವ ಹೊತ್ತಿಗೇ ಬಂದಳು. ಹೆಣೆದದ್ದು ನಾನೇ, ಅವಳು ಕಡ್ಡಿ ಮುಟ್ಟಲಿಲ್ಲ, ಪಕ್ಕದಲ್ಲಿ ಕಾಲು ಚಾಚಿ ಕುಳಿತು ‘ಹ್ಞೂಂ’, ‘ಉಹ್ಞೂಂ’ ಎನ್ನುತ್ತಿದ್ದಳು. ಹೆರಿಗೆಗೆ ನಾಲ್ಕು ದಿನ ಮುಂಚೆ ನೂರನೆಯ ಸಾಲು ಮುಗಿಯಿತು. ಹೆಣ್ಣು ಮಗು. ನಾಲ್ಕೂ ಮೂಲೆಗಳಿರುವ ಹೊದಿಕೆಯಲ್ಲಿ ಸುತ್ತಿ ಕೊಡುವಾಗ ನರ್ಸು, “ಯಾರು ಹೆಣೆದದ್ದು?” ಎಂದು ಕೇಳಿದರು. “ನಲವತ್ತು ಸಾಲು ಅಮ್ಮ, ಅರವತ್ತು ಸಾಲು ಅಪ್ಪ,” ಎಂದಳು ಮಗಳು. ನರ್ಸು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ನಾನು ಕಿಟಕಿಯ ಕಡೆ ತಿರುಗಿ ನಿಂತೆ, ಕನ್ನಡಕ ಮಂಜಾಗಿತ್ತು.

ಆದ್ದರಿಂದ, ತಮ್ಮ ವಿಡಿಯೊದ ಹೆಸರಿನಲ್ಲಿರುವ ‘ಹತ್ತೇ ನಿಮಿಷ’ ಎಂಬುದನ್ನು ಅಳಿಸಿ ‘ಆರೂವರೆ ವಾರ ಮತ್ತು ಒಬ್ಬಳು ಮಗಳು’ ಎಂದು ತಿದ್ದಬೇಕಾಗಿಯೂ, ಮಗಳಿಲ್ಲದವರಿಗೆ ಒಬ್ಬಳನ್ನು ತಾವೇ ಒದಗಿಸಬೇಕಾಗಿಯೂ, ‘ತುಂಬಾ ಸುಲಭ’ ಎಂಬ ಮಾತನ್ನು ತಮಗಿಂತ ಕಡಿಮೆ ತಿಳಿದವರು ಯಾರೂ ಕೇಳಿಸಿಕೊಳ್ಳದ ಜಾಗದಲ್ಲಿ ಮಾತ್ರ ಬಳಸಬೇಕಾಗಿಯೂ ಪ್ರಾರ್ಥನೆ. ಈ ಕೊನೆಯ ಪಥ್ಯವನ್ನು ನಾನೂ ಕಾರಿನಲ್ಲಿ ಶುರುಮಾಡಿದ್ದೇನೆ. ಕಷ್ಟವಾಗುತ್ತಿದೆ.

ತಮ್ಮ ಎಡಗೈಗೂ ಬಲಗೈಗೂ ಪ್ರತ್ಯೇಕ ನಮಸ್ಕಾರಗಳೊಂದಿಗೆ, ಬಲಗೈಗೆ ಸ್ವಲ್ಪ ಕಡಿಮೆ,

ತಮ್ಮ ವಿಶ್ವಾಸಿ,
ಎಡಗಡೆ ಸೀಟಿನ ಮೇಷ್ಟ್ರು

ತಾ.ಕ.: ಹೊಸ ಹುಮ್ಮಸ್ಸಿನಲ್ಲಿ ತಮ್ಮ ‘ಅರ್ಧ ಗಂಟೆಯಲ್ಲಿ ಮಗುವಿನ ಟೋಪಿ’ಯನ್ನೂ ನೋಡಿ, ಹೇಳಿದ ಹಾಗೆಯೇ ಹೆಣೆದೆ. ಸಿದ್ಧವಾದದ್ದು ಮೊಮ್ಮಗಳ ತಲೆಗೂ ಆಗುತ್ತಿಲ್ಲ, ನನ್ನ ಮಂಡಿಗೂ ಆಗುತ್ತಿಲ್ಲ, ಟೀ ಪಾತ್ರೆಗೂ ಕೂರುತ್ತಿಲ್ಲ. ಅದು ಯಾವ ಪ್ರಾಣಿಯ ತಲೆಯ ಅಳತೆಯೆಂದು ದಯವಿಟ್ಟು ತಿಳಿಸಿದರೆ ಅಂಥದ್ದೊಂದನ್ನು ಸಾಕಿಕೊಳ್ಳಲು ನಾನು ಸಿದ್ಧನಿದ್ದೇನೆ. ಟೋಪಿಯನ್ನು ಮಾತ್ರ ಬಿಚ್ಚುವುದಿಲ್ಲ.